ಬ್ರೈಟನ್ ಬೀಚಿನ ಅಜ್ಜಿಯರು

ನ್ಯೂಯಾರ್ಕ್ ನೋಡಲು ಬಂದವರನ್ನು ಎಲ್ಲರೂ ಟೈಮ್ಸ್ ಸ್ಕ್ವೇರ್‌ಗೆ ಕರೆದುಕೊಂಡು ಹೋಗುತ್ತಾರೆ. ನಾನೂ ಹೋಗುತ್ತೇನೆ. ಲಿಬರ್ಟಿ ಪ್ರತಿಮೆ ಮುಂದೆ ನಿಲ್ಲಿಸಿ ಫೋಟೋನೂ ತೆಗೆಯುತ್ತೇನೆ, ಇಲ್ಲದಿದ್ದರೆ ಊರಿಗೆ ಹೋದಾಗ ಮಾತು ಕೇಳಬೇಕಾಗುತ್ತದೆ. ಆದರೆ ಬಂದವರಿಗೆ ಕಾಲು ಗಟ್ಟಿ ಇದೆ, ಸುಮ್ನೆ ಜನರನ್ನು ನೋಡುವ ಚಟ ಇದೆ ಅಂತ ಗೊತ್ತಾದರೆ ಬ್ರೂಕ್ಲಿನ್ನಿನ ದಕ್ಷಿಣ ತುದಿಗೆ, ಬ್ರೈಟನ್ ಬೀಚ್‌ಗೆ ಕರೆದೊಯ್ಯುತ್ತೇನೆ. ರಷ್ಯನ್ ಮಾತಾಡುವವರ ಬಡಾವಣೆ ಅದು. ಉಕ್ರೇನಿನ ಬಂದರು ಊರೊಂದರ ಹೆಸರಲ್ಲಿ ‘ಪುಟ್ಟ ಒಡೆಸ್ಸಾ’ ಅಂತ ಅಡ್ಡಹೆಸರು. ಈ ಸಲ ಬಂದಿದ್ದು ಅಮ್ಮ. ತಿಪಟೂರಿನಿಂದ, ಆರು ತಿಂಗಳು ಇದ್ದು ಹೋಗಲು.

ಹೋಗುವ ದಾರಿಯೇ ಚೆನ್ನಾಗಿದೆ. ನಮ್ಮ ಎಡಿಸನ್ ಸ್ಟೇಷನ್ನಿನಿಂದ ನ್ಯೂಜೆರ್ಸಿಯ ರೈಲು ಹಿಡಿದು ಪೆನ್ ಸ್ಟೇಷನ್, ಅಲ್ಲಿಂದ ಸ್ವಲ್ಪ ನಡೆದರೆ 34ನೇ ಬೀದಿಯಲ್ಲಿ ‘ಕ್ಯೂ’ ಅನ್ನುವ ನೆಲದಡಿಯ ರೈಲು. ಅದು ಮ್ಯಾನ್‌ಹಟನ್ ಸೇತುವೆ ಮೇಲೆ ನದಿ ದಾಟಿ, ಮತ್ತೆ ನೆಲದೊಳಗೆ ಹೋಗಿ, ಪ್ರಾಸ್ಪೆಕ್ಟ್ ಪಾರ್ಕ್ ಹತ್ತಿರ ಬೆಳಕಿಗೆ ಬರುತ್ತದೆ. ಆಮೇಲೆ ಮನೆಗಳ ಹಿತ್ತಿಲುಗಳ ಪಕ್ಕದಲ್ಲೇ ಓಟ. ಒಂದು ಹಿತ್ತಿಲಲ್ಲಿ ತಂತಿ ಮೇಲೆ ಬಟ್ಟೆ ಒಣಗಲು ಹಾಕಿದ್ದರು. ಅಮ್ಮನ ಮುಖ ಅರಳಿತು. ‘ಅಮೆರಿಕದಲ್ಲೂ ಬಿಸಿಲಿಗೆ ಬಟ್ಟೆ ಹಾಕ್ತಾರೇನೋ?’ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿ ಮೇಲೆ ಒಂದು ಟವೆಲ್ ಹಾಕಿದರೂ ಮಾರನೇ ದಿನ ಚೀಟಿ ಬರುತ್ತದೆ.

ಷೀಪ್ಸ್‌ಹೆಡ್ ಬೇ ದಾಟಿದ ಮೇಲೆ ಡಬ್ಬಿಯಲ್ಲಿ ಇಂಗ್ಲಿಷ್ ಕೇಳಿಸುವುದು ಕಡಿಮೆಯಾಗುತ್ತದೆ. ಬ್ರೈಟನ್ ಬೀಚ್ ಸ್ಟೇಷನ್ ಇರುವುದು ಬೀದಿಯ ನೆತ್ತಿಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ. ಮೆಟ್ಟಿಲು ಇಳಿದರೆ ಬ್ರೈಟನ್ ಬೀಚ್ ಅವೆನ್ಯೂ. ಹಗಲಲ್ಲೂ ಅರೆಗತ್ತಲು, ಹಳಿಗಳ ಸಂದಿಯಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ರಸ್ತೆಗೆ ಬೀಳುತ್ತದೆ. ಐದು ಹತ್ತು ನಿಮಿಷಕ್ಕೊಂದು ರೈಲು ತಲೆ ಮೇಲೆ ಗಡಗಡ ಅಂತ ಹೋಗುತ್ತದೆ. ಆಗ ಒಂದು ತಮಾಷೆ ನೋಡಬೇಕು. ಫುಟ್‌ಪಾತಿನಲ್ಲಿ ನಿಂತು ಮಾತಾಡುತ್ತಿರುವ ಇಬ್ಬರು ಹೆಂಗಸರು ವಾಕ್ಯದ ಮಧ್ಯೆಯೇ ನಿಲ್ಲಿಸುತ್ತಾರೆ. ಎತ್ತಿದ ಕೈ ಹಾಗೇ ಮೇಲೇ ಇರುತ್ತದೆ. ರೈಲು ಹೋಯಿತೋ, ನಿಲ್ಲಿಸಿದ ಪದದಿಂದಲೇ ಮತ್ತೆ ಶುರು. ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಅಂಗಡಿ ಬೋರ್ಡುಗಳೆಲ್ಲ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ. ಔಷಧಿ ಅಂಗಡಿ, ತುಪ್ಪಳದ ಕೋಟಿನ ಅಂಗಡಿ, ಹೊಗೆ ಹಾಕಿ ಒಣಗಿಸಿದ ಮೀನಿನ ಅಂಗಡಿ, ಹಲ್ಲಿನ ಡಾಕ್ಟರು, ಲಾಯರು, ಮತ್ತೆ ಔಷಧಿ ಅಂಗಡಿ. ಔಷಧಿ ಅಂಗಡಿ ಯಾಕೆ ಇಷ್ಟೊಂದು ಅನ್ನುವುದಕ್ಕೆ ಉತ್ತರ ಸುತ್ತಲೂ ನಡೆಯುತ್ತಿತ್ತು. ಅಜ್ಜಿಯರು. ಎಲ್ಲೆಲ್ಲೂ ಅಜ್ಜಿಯರು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡವರು, ಕೂದಲಿಗೆ ಕೆಂಪು ಬಣ್ಣ ಹಾಕಿ ತುಟಿಗೆ ಲಿಪ್‌ಸ್ಟಿಕ್ ಹಚ್ಚಿದವರು, ಚಕ್ರದ ಚೀಲ ಎಳೆಯುವವರು, ವಾಕರ್ ತಳ್ಳುವವರು. ಇವರಲ್ಲಿ ಯಾರೂ ಮಗನನ್ನೋ ಮಗಳನ್ನೋ ಕಾಯುತ್ತಿರಲಿಲ್ಲ. ತಮ್ಮ ಕೆಲಸಕ್ಕೆ ತಾವೇ ಹೊರಟಿದ್ದರು. ಅಮ್ಮ ಇದನ್ನು ನನಗಿಂತ ಮೊದಲು ಗಮನಿಸಿದರು. ‘ಇವರಿಗೆಲ್ಲ ಕಾರು ಬೇಡ್ವಾ?’ ಅಂದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹಳೇ ಕತೆ ಸ್ವಲ್ಪ ಹೇಳಿಬಿಡುತ್ತೇನೆ. 1868ರಲ್ಲಿ ವಿಲಿಯಂ ಎಂಗೆಮನ್ ಅನ್ನುವವನು ಇಲ್ಲಿ ಸಮುದ್ರದ ದಂಡೆಯಲ್ಲಿ ಜಾಗ ಹಿಡಿದು, ಸಾಹುಕಾರರು ಬೇಸಿಗೆ ಕಳೆಯುವ ಊರು ಮಾಡಲು ಹೊರಟ. ಹೆಸರು ಇಂಗ್ಲೆಂಡಿನ ಬ್ರೈಟನ್‌ನಿಂದ ಬಂತು. ದೊಡ್ಡ ಹೋಟೆಲ್ ಎದ್ದಿತು, 1879ರಲ್ಲಿ ಕುದುರೆ ರೇಸೂ ಬಂತು. ಸಮುದ್ರ ದಂಡೆಯನ್ನು ತಿನ್ನುತ್ತಾ ಹೋಟೆಲಿನ ಬುಡಕ್ಕೆ ಬಂದಾಗ, 1888ರಲ್ಲಿ ಇಡೀ ಮರದ ಕಟ್ಟಡದ ಕೆಳಗೆ ಹಳಿ ಹಾಸಿ, ರೈಲು ಗಾಡಿಗಳ ಮೇಲೆ ಕೂರಿಸಿ, ಆರು ಉಗಿ ಎಂಜಿನ್‌ಗಳಿಂದ ಎಳೆಸಿ ಹಿಂದಕ್ಕೆ ಸರಿಸಿದರಂತೆ. ನಮ್ಮಲ್ಲಿ ಒಂದು ಬಸ್ ಸ್ಟಾಪ್ ಸರಿಸಲು ಎಷ್ಟು ವರ್ಷ ಬೇಕು ಅಂತ ನೆನೆಸಿಕೊಂಡೆ, ಇರಲಿ ಬಿಡಿ.

ನಂತರ ಸಾಹುಕಾರರು ಹೋದರು, ರೈಲು ಹತ್ತಿ ಬಡವರು ಬಂದರು. ಮ್ಯಾನ್‌ಹಟನ್ನಿನ ಇಕ್ಕಟ್ಟಿನಿಂದ ತಪ್ಪಿಸಿಕೊಂಡ ಯಹೂದಿ ಕುಟುಂಬಗಳು, ಯುದ್ಧದ ನಂತರ ನಾಜಿಗಳ ಕೈಯಿಂದ ಬದುಕಿ ಉಳಿದವರು. 1970ರ ದಶಕದ ಹೊತ್ತಿಗೆ ನ್ಯೂಯಾರ್ಕ್ ನಗರವೇ ದಿವಾಳಿ ಅಂಚಿಗೆ ಬಂದಿತ್ತು. ಬ್ರೈಟನ್ ಬೀಚಿನ ಮಕ್ಕಳು ಒಳ್ಳೆ ಕಡೆಗೆ ಹೊರಟುಹೋಗಿದ್ದರು. ಉಳಿದದ್ದು ವಯಸ್ಸಾದವರು, ಕಳ್ಳತನ, ಖಾಲಿ ಫ್ಲಾಟುಗಳು.

ಸರಿಯಾಗಿ ಅದೇ ಸಮಯಕ್ಕೆ ಸೋವಿಯತ್ ಒಕ್ಕೂಟದ ಬಾಗಿಲು ಒಂದಿಷ್ಟು ತೆರೆಯಿತು. ತನ್ನ ಜನರನ್ನು ಹೊರಗೆ ಹೋಗಲು ಬಿಡದ ದೇಶಕ್ಕೆ ವ್ಯಾಪಾರದ ರಿಯಾಯಿತಿ ಇಲ್ಲ ಅನ್ನುವ ಜಾಕ್ಸನ್–ವ್ಯಾನಿಕ್ ತಿದ್ದುಪಡಿಯನ್ನು ಅಮೆರಿಕದ ಸಂಸತ್ತು 1974ರಲ್ಲಿ ಪಾಸು ಮಾಡಿತು. ಮಾಸ್ಕೋ ಬಿಗಿ ಮಾಡುತ್ತಾ, ಸಡಿಲ ಬಿಡುತ್ತಾ ಆಟ ಆಡಿತು. 1979 ಒಂದೇ ವರ್ಷದಲ್ಲಿ ಸುಮಾರು 51 ಸಾವಿರ ಯಹೂದಿಗಳು ಹೊರಬಿದ್ದರು. ಆ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು, ಬಾಗಿಲು ಮತ್ತೆ ಮುಚ್ಚಿತು. ಪೂರ್ತಿ ತೆರೆದಿದ್ದು ಗೊರ್ಬಚೇವ್ ಕಾಲದ ಕೊನೆಗೆ.

ಹೊರಡುವುದು ಅಂದರೆ ಟಿಕೆಟ್ ತೆಗೆಸಿ ವಿಮಾನ ಹತ್ತುವುದಲ್ಲ. ಅರ್ಜಿ ಹಾಕಿದ ಕೂಡಲೇ ಎಷ್ಟೋ ಜನರ ಕೆಲಸ ಹೋಗುತ್ತಿತ್ತು. ಅರ್ಜಿ ತಿರಸ್ಕಾರ ಆದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಒಪ್ಪಿಗೆ ಸಿಕ್ಕರೆ ಪೌರತ್ವ ಬಿಟ್ಟುಕೊಡಬೇಕು. ಕಾಗದದ ಮೇಲೆ ಇಸ್ರೇಲ್‌ಗೆ ಹೊರಟವರು ರೈಲಿನಲ್ಲಿ ವಿಯೆನ್ನಾ ತಲುಪಿ, ಅಮೆರಿಕ ಬೇಕು ಅಂದವರು ಅಲ್ಲಿಂದ ರೋಮ್‌ಗೆ ಹೋಗಿ, ಪಕ್ಕದ ಓಸ್ತಿಯಾ, ಲಾದಿಸ್ಪೋಲಿ ಅನ್ನುವ ಕಡಲೂರುಗಳಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ‘ಹಯಾಸ್’ ಅನ್ನುವ ಯಹೂದಿ ನೆರವು ಸಂಸ್ಥೆ ಕೈ ಹಿಡಿಯುತ್ತಿತ್ತು. ಅಲ್ಲಿಂದ ನ್ಯೂಯಾರ್ಕ್. ನ್ಯೂಯಾರ್ಕಿನಲ್ಲಿ ಬ್ರೈಟನ್ ಬೀಚ್, ಯಾಕೆಂದರೆ ಬಾಡಿಗೆ ಕಡಿಮೆ, ರೈಲು ಇದೆ, ಮೊದಲೇ ಇದ್ದ ಮುದುಕರಿಗೆ ಯುರೋಪಿನ ಯಹೂದಿಗಳ ಭಾಷೆ ಯಿಡ್ಡಿಷ್ ಬರುತ್ತದೆ. ಮತ್ತೆ ಸಮುದ್ರ ಇದೆ. ಮೊದಮೊದಲು ಬಂದವರಲ್ಲಿ ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದವರು ಜಾಸ್ತಿ. ಸಮುದ್ರ ಇಲ್ಲದ ಕಡೆ ಅವರಿಗೆ ಬೇಡವಾಗಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಮ್ಮೆ ಹೊರಟರೆ ಮತ್ತೆ ಹೋಗಿ ನೋಡಿ ಬರುವ ಮಾತೇ ಇರಲಿಲ್ಲ. ಹಾಗಾಗಿ ಮುದುಕರನ್ನೂ ಕಟ್ಟಿಕೊಂಡು ಬಂದರು. ಅಜ್ಜಿ, ತಾತ, ಗಂಡ ಸತ್ತ ಅತ್ತೆ, ಎಲ್ಲರೂ. ದೀಪಾವಳಿಗೆ ಹೋಗಿ ನೋಡಿಕೊಂಡು ಬರೋಣ ಅನ್ನುವ ಸೌಕರ್ಯ ಅವರಿಗಿರಲಿಲ್ಲ.

ಜನ ಇದನ್ನು ರಷ್ಯನ್ನರ ಪೇಟೆ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇಲ್ಲಿ ರಷ್ಯಾದವರನ್ನು ಹುಡುಕಬೇಕು. ಒಡೆಸ್ಸಾ, ಕೀವ್, ಮಿನ್ಸ್ಕ್, ಬಾಕು, ತ್ಬಿಲಿಸಿ, ಈಗೀಗ ತಾಷ್ಕೆಂಟ್, ಸಮರ್‌ಕಂದ್, ಇವರು ಬಂದ ಈ ಊರುಗಳಲ್ಲಿ ಒಂದೂ ರಷ್ಯಾದಲ್ಲಿಲ್ಲ. ಸೋವಿಯತ್ ಗುರುತಿನ ಪುಸ್ತಕದಲ್ಲಿ ಐದನೇ ಸಾಲು ಅಂತ ಒಂದಿತ್ತು. ಹುಟ್ಟಿನಿಂದ ನೀನು ಯಾವ ಜನ ಅಂತ ಅಲ್ಲಿ ಬರೆಯುತ್ತಿದ್ದರು. ಇವರ ಪುಸ್ತಕದಲ್ಲಿ ‘ಯಹೂದಿ’ ಅಂತಿತ್ತು. ಆ ಒಂದು ಪದಕ್ಕೆ ಕಾಲೇಜು ಸೀಟು ತಪ್ಪುತ್ತಿತ್ತು, ಬಡ್ತಿ ತಪ್ಪುತ್ತಿತ್ತು. ಅಲ್ಲಿ ಜೀವನವಿಡೀ ರಷ್ಯನ್ ಅನ್ನಿಸಿಕೊಳ್ಳದವರು ಇಲ್ಲಿ ಬಂದು ಇಳಿದ ದಿನವೇ ರಷ್ಯನ್ನರಾದರು. ನನಗಿದು ಚೆನ್ನಾಗಿ ಅರ್ಥವಾಗುತ್ತದೆ. ತಿಪಟೂರಿನಲ್ಲಿ ನಾನು ಯಾವ ಬೀದಿಯವನು ಅಂತ ಕೇಳುತ್ತಿದ್ದರು. ಇಲ್ಲಿ ‘ನೀವು ಹಿಂದಿನಾ?’ ಅಂತ ಕೇಳುತ್ತಾರೆ. ಭಾಷೆ ಕೇಳಿದ್ದೋ, ಜಾತಿ ಕೇಳಿದ್ದೋ, ದೇಶ ಕೇಳಿದ್ದೋ ದೇವರಿಗೇ ಗೊತ್ತು.

ಮಾಫಿಯಾ ಕತೆಗಳೂ ಇವೆ. 1980ರ ದಶಕದಲ್ಲಿ ಪೆಟ್ರೋಲ್ ತೆರಿಗೆ ನುಂಗಿ ಕೋಟಿ ಕೋಟಿ ಹೊಡೆದ ಗ್ಯಾಂಗುಗಳು ಇಲ್ಲಿಂದಲೇ ನಡೆಯುತ್ತಿದ್ದವು. ಸಿನಿಮಾದವರಿಗೆ ಕಂಡಿದ್ದು ಅದೊಂದೇ. ನನಗೆ ಅದರಲ್ಲಿ ಅಂಥ ಆಸಕ್ತಿ ಇಲ್ಲ.

ತರಕಾರಿ ಅಂಗಡಿಗೆ ಬರೋಣ.

ಫುಟ್‌ಪಾತಿನ ಅರ್ಧದವರೆಗೂ ಕ್ರೇಟುಗಳನ್ನು ಜೋಡಿಸಿದ್ದರು. ಟೊಮ್ಯಾಟೊ, ಬೀಟ್‌ರೂಟ್, ಮುಳ್ಳು ಮುಳ್ಳಾದ ಗಿಡ್ಡ ಸೌತೆಕಾಯಿ, ಎಲೆಕೋಸು. ಪಕ್ಕದಲ್ಲಿ ಕಟ್ಟು ಕಟ್ಟು ಸಬ್ಬಸಿಗೆ ಸೊಪ್ಪು. ನಮ್ಮ ಕಡೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆ ಅಂದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಎಸಳು, ಮೀನಿನ ಮೇಲೆ ಉದುರಿಸಲು. ಇಲ್ಲಿ ಕೈತುಂಬಾ ಕಟ್ಟು, ಬುಡದಲ್ಲಿ ಮಣ್ಣು, ರಾಶಿ ಮೇಲೆ ನೀರು ಚಿಮುಕಿಸಿದ್ದರು. ರಷ್ಯನ್, ಉಕ್ರೇನಿಯನ್ ಅಡುಗೆಯಲ್ಲಿ ಸಬ್ಬಸಿಗೆ ಇಲ್ಲದ ತಟ್ಟೆಯೇ ಕಡಿಮೆ. ಸೂಪಿಗೆ, ಆಲೂಗಡ್ಡೆಗೆ, ಮೊಸರಿಗೆ, ಸಾಲಡ್‌ಗೆ. ಅಮ್ಮ ವಾಸನೆ ಹಿಡಿದೇ ನಿಂತುಬಿಟ್ಟರು. ಅಮೆರಿಕಕ್ಕೆ ಬಂದ ಮೇಲೆ ಸಬ್ಬಸಿಗೆ ಅಕ್ಕಿರೊಟ್ಟಿ ಆಗಿಲ್ಲ ಅನ್ನುವುದು ಮನೆಯಲ್ಲಿ ನಿತ್ಯದ ದೂರು.

ಅಮ್ಮನ ಮುಂದೆ ಒಬ್ಬ ಅಜ್ಜಿ ಇದ್ದರು. ಎಂಬತ್ತರ ಮೇಲೆ ಇರಬೇಕು. ನೀಲಿ ಕೋಟು, ಕೈಗೆ ಉಣ್ಣೆ ಗ್ಲೌಸು. ಒಂದು ಕೈಯ ಗ್ಲೌಸು ಮಾತ್ರ ಬಿಚ್ಚಿದ್ದರು. ಆ ಬರಿಗೈಯಲ್ಲಿ ಒಂದೊಂದೇ ಕಟ್ಟು ಎತ್ತುವುದು, ಕಾಂಡ ಹಿಸುಕುವುದು, ಒಂದೆಳೆ ಕಿತ್ತು ಉಜ್ಜಿ ಮೂಗಿಗೆ ಹಿಡಿಯುವುದು, ಮೂತಿ ತಿರುವಿ ವಾಪಸ್ ಇಡುವುದು. ಅಂಗಡಿ ಹುಡುಗ ಏನೋ ಅಂದ. ಅಜ್ಜಿ ಅದಕ್ಕೆ ಎರಡರಷ್ಟು ಅಂದರು. ಅಮ್ಮ ಪಕ್ಕದಲ್ಲಿ ನಿಂತು ಅದನ್ನೇ ಮಾಡತೊಡಗಿದರು. ಕಟ್ಟು ಎತ್ತಿ, ಬುಡ ತಿರುಗಿಸಿ, ಒಳಗೆ ಕೊಳೆತ ಎಲೆ ಮುಚ್ಚಿಟ್ಟಿದ್ದಾನಾ ಅಂತ ನೋಡಿ. ಇಬ್ಬರ ಕೈಗಳೂ ಒಂದೇ ಕಟ್ಟಿಗೆ ಹೋದವು. ಅಜ್ಜಿ ಅದನ್ನು ಅಮ್ಮನಿಗೆ ಬಿಟ್ಟುಕೊಡಲಿಲ್ಲ. ಬದಲಿಗೆ ರಾಶಿಯ ಅಡಿಯಿಂದ ಇನ್ನೊಂದು ಎಳೆದು ಕೊಟ್ಟರು. ಚೆನ್ನಾಗಿಯೇ ಇತ್ತು.

ಆಮೇಲೆ ಮಾತು ಶುರುವಾಯಿತು. ಅವರು ರಷ್ಯನ್ನಿನಲ್ಲಿ, ಇವರು ಕನ್ನಡದಲ್ಲಿ. ನಡುವೆ ನಾನು ದಂಡಪಿಂಡ. ಅಜ್ಜಿ ಸೌತೆಕಾಯಿ ತೋರಿಸಿ, ಹೂ ಬಿಟ್ಟ ಸಬ್ಬಸಿಗೆ ಕಡ್ಡಿ ತೋರಿಸಿ, ಜಾಡಿಯ ಆಕಾರ ಮಾಡಿ, ಮುಚ್ಚಳ ತಿರುಗಿಸುವ ಹಾಗೆ ಮಾಡಿದರು. ‘ಓ, ಉಪ್ಪಿನಕಾಯಿಗೆ ಹಾಕ್ತಾರಂತೆ ಕಣೋ’ ಅಂತ ಅಮ್ಮ ನನಗೇ ಅನುವಾದ ಮಾಡಿದರು. ಸರಿಯೇ. ಇಲ್ಲಿ ಸೌತೆಕಾಯನ್ನು ಉಪ್ಪುನೀರಲ್ಲಿ ನೆನೆಹಾಕುವಾಗ ಸಬ್ಬಸಿಗೆಯ ಹೂಗೊಂಚಲು, ಬೆಳ್ಳುಳ್ಳಿ ಹಾಕುತ್ತಾರೆ. ನಂತರ ಅಜ್ಜಿಗೆ ಅಮ್ಮನ ಕುಂಕುಮ ಕಾಣಿಸಿತು. ‘ಇಂದಿಯಾ? ರಾಜ್ ಕಪೂರ್!’ ಅಂದರು, ಎದೆ ಮೇಲೆ ಕೈ ಇಟ್ಟುಕೊಂಡು. ಸೋವಿಯತ್ ಕಾಲದ ಆ ತಲೆಮಾರಿಗೆ ರಾಜ್ ಕಪೂರ್ ಅಂದರೆ ಮನೆಯ ಹುಡುಗ. ಭಾರತದವರು ಸಿಕ್ಕರೆ ಆ ಹೆಸರು ಹೇಳದೆ ಬಿಡುವುದಿಲ್ಲ. ಅಮ್ಮ ತಕ್ಷಣ ತಲೆ ಆಡಿಸಿ, ‘ರಾಜ್ ಕಪೂರ್ ಹಿಂದಿಯವರದ್ದು. ನಮಗೆ ರಾಜ್‌ಕುಮಾರ್’ ಅಂದರು. ತಾನು ಹೇಳಿದ್ದನ್ನೇ ಅಮ್ಮ ಒಪ್ಪಿಕೊಂಡರು ಅಂದುಕೊಂಡು ಅಜ್ಜಿ ಖುಷಿಯಾಗಿ ಹೋದರು.

ರಾಜ್ ಕಪೂರ್ ಅಲ್ಲಿಗೆ ಹೋದ. ಅಲ್ಲಿಂದ ನಮಗೆ ಬಂದಿದ್ದು ಪುಸ್ತಕ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಕನ್ನಡದ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಬರುತ್ತಿತ್ತು. ಓದುತ್ತಿದ್ದದ್ದು ಅಪ್ಪ ಒಬ್ಬರೇ. ಆ ನುಣುಪು ಹಾಳೆ ಪಠ್ಯಪುಸ್ತಕಕ್ಕೆ ರಟ್ಟು ಹಾಕಲು ಹೇಳಿ ಮಾಡಿಸಿದ್ದು. ನಮ್ಮ ತಲೆಮಾರಿನ ಎಷ್ಟೋ ಮಕ್ಕಳ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುವ ಕೆಂಪು ಕೆನ್ನೆಯ ಹೆಂಗಸು ನಗುತ್ತಿದ್ದಳು. ನವಕರ್ನಾಟಕದವರು ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನು ಮಾರುತ್ತಿದ್ದರು. ದಪ್ಪ ರಟ್ಟು, ಬಣ್ಣದ ಚಿತ್ರ, ಬೆಲೆ ಕೇಳಿದರೆ ನಂಬಲಾಗುತ್ತಿರಲಿಲ್ಲ. ಆ ಪುಸ್ತಕಗಳಲ್ಲಿ ಹಿಮ ಬೀಳುತ್ತಿತ್ತು, ಒಲೆ ಉರಿಯುತ್ತಿತ್ತು, ಮಕ್ಕಳಿಗೆ ಸೇಬು ಇರುತ್ತಿತ್ತು. ಅಂಥ ದೇಶ ಬಿಟ್ಟು ಯಾರಾದರೂ ಯಾಕೆ ಬರುತ್ತಾರೆ ಅನ್ನುವ ಪ್ರಶ್ನೆ ನಮಗೆ ಹೊಳೆಯಲು ಕಾರಣವೇ ಇರಲಿಲ್ಲ. ಆ ನುಣುಪು ಹಾಳೆ ತಿಪಟೂರಿಗೆ ಬರುತ್ತಿದ್ದ ಕಾಲದಲ್ಲೇ ಈ ಬೀದಿಯವರು ಅಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದರು.

ಅದಕ್ಕೆ ಆ ಪುಸ್ತಕಗಳನ್ನು ಈಗ ತೆಗಳಬೇಕು ಅಂತ ನನಗನ್ನಿಸುವುದಿಲ್ಲ. ಚಿತ್ರ ಬರೆದವರು, ಕನ್ನಡಕ್ಕೆ ತಂದವರು ಪ್ರಾಮಾಣಿಕವಾಗಿಯೇ ಕೆಲಸ ಮಾಡಿದ್ದರು. ಈ ಪೇಟೆಯ ಒಂದು ಪುಸ್ತಕದಂಗಡಿಯಲ್ಲಿ ಮಕ್ಕಳ ಕಪಾಟಿನಲ್ಲಿ ಅದೇ ಬಗೆಯ ಚಿತ್ರಗಳನ್ನು ನೋಡಿದೆ. ದೇಶ ಬಿಟ್ಟು ಓಡಿ ಬಂದವರು ಮೊಮ್ಮಕ್ಕಳಿಗೆ ಆ ದೇಶದ್ದೇ ಪುಸ್ತಕ ಕೊಳ್ಳುತ್ತಾರೆ. ಬೇಡವಾಗಿದ್ದು ಸರ್ಕಾರ ಅಷ್ಟೇ, ಅಲ್ವಾ.

ಹೊಟ್ಟೆ ವಿಷಯ. ರಸ್ತೆ ಬದಿ ಮೇಜು ಹಾಕಿಕೊಂಡು ಹೆಂಗಸರು ಪಿರೋಷ್ಕಿ ಮಾರುತ್ತಾರೆ. ಒಳಗೆ ಹೂರಣ ಇಟ್ಟು ಎಣ್ಣೆಯಲ್ಲಿ ಕರಿದ ಉದ್ದನೆ ಬನ್ನು. ಮಾಂಸದ್ದು, ಎಲೆಕೋಸಿನದು, ಆಲೂಗಡ್ಡೆಯದು, ಚೆರ್ರಿಯದು. ಅಮ್ಮನಿಗೆ ಆಲೂಗಡ್ಡೆಯದು ತಗೊಂಡೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಲು ಬಾಯಿ ತೆರೆದೆ. ಅಮ್ಮ ಕೈ ಹಿಡಿದು ನಿಲ್ಲಿಸಿದರು. ‘ಕೇಳಬೇಡ. ಕೇಳಿದ್ರೆ ತಿನ್ನೋಕಾಗಲ್ಲ.’ ಅರವತ್ತು ವರ್ಷದ ಮಡಿಯನ್ನು ಹೀಗೆ ಸಂಭಾಳಿಸುವ ಕಲೆ ಅಮ್ಮನಿಗೆ ಯಾವಾಗ ಬಂತೋ ಗೊತ್ತಿಲ್ಲ.

ಮುಂದೆ ತಾಷ್ಕೆಂಟ್ ಸೂಪರ್ ಮಾರ್ಕೆಟ್. ‘ಶಾಸ್ತ್ರಿಗಳು ತೀರಿಕೊಂಡ ಊರಲ್ವಾ ಇದು?’ ಅಂದರು ಅಮ್ಮ. 1966ರ ಜನವರಿಯಲ್ಲಿ ರೇಡಿಯೋದಲ್ಲಿ ಸುದ್ದಿ ಕೇಳಿ ಅವರ ಅಪ್ಪ ಊಟ ಬಿಟ್ಟಿದ್ದು ನೆನಪಿದೆಯಂತೆ. ಒಳಗೆ ಹೋದರೆ ಉದ್ದಕ್ಕೂ ಬಿಸಿ ಬಿಸಿ ಅಡುಗೆಯ ಸಾಲು. ಡಬ್ಬಿಗೆ ತುಂಬಿಕೊಂಡು ತೂಕ ಹಾಕಿಸಿ ದುಡ್ಡು ಕೊಡುವುದು. ಕುರಿ ಮಾಂಸದ ಪಲಾವು ಅಂದರೆ ಪ್ಲೋವ್, ಕೈಯಲ್ಲಿ ಎಳೆದು ಮಾಡಿದ ಲಗ್ಮಾನ್ ನೂಡಲ್ಸ್, ಹಬೆಯಲ್ಲಿ ಬೆಂದ ಮಾಂತಿ ಅನ್ನುವ ಕಡುಬು, ಒಲೆಯ ಗೋಡೆಗೆ ಅಂಟಿಸಿ ಸುಟ್ಟ ಸಂಸಾ ಅನ್ನುವ ಸಮೋಸ, ನಡುವೆ ಮೊಳೆ ಚುಚ್ಚಿ ಚಿತ್ತಾರ ಮಾಡಿದ ಗುಂಡು ರೊಟ್ಟಿ. ಇತ್ತೀಚಿನ ವರ್ಷಗಳಲ್ಲಿ ಈ ಬೀದಿಗೆ ಹೊಸ ಜೀವ ಕೊಟ್ಟಿರುವವರು ಮಧ್ಯ ಏಷ್ಯಾದವರು. ಒಡೆಸ್ಸಾದವರ ಮಕ್ಕಳು ಓದಿ ಡಾಕ್ಟರಾಗಿ, ಸಾಫ್ಟ್‌ವೇರಿನವರಾಗಿ ಸ್ಟೇಟನ್ ಐಲೆಂಡ್‌ಗೋ ನ್ಯೂಜೆರ್ಸಿಗೋ ಹೋದರು. ಅವರ ಜಾಗಕ್ಕೆ ಉಜ್ಬೆಕ್ ಹುಡುಗರು, ಜಾರ್ಜಿಯಾದ ಹೆಂಗಸರು ಬಂದರು. ಅವರ ಮನೆಮಾತು ರಷ್ಯನ್ ಅಲ್ಲ. ಆದರೆ ಈ ಬೀದಿಯಲ್ಲಿ ಬದುಕಲು ಇಂಗ್ಲಿಷ್‌ಗಿಂತ ಮೊದಲು ರಷ್ಯನ್ ಬೇಕು.

ಅಲ್ಲಿ ಅಮ್ಮನಿಗೆ ತಿನ್ನಲು ಸಿಕ್ಕಿದ್ದು ಕ್ಯಾರೆಟ್. ಎಳೆ ಎಳೆಯಾಗಿ ಹೆಚ್ಚಿ, ಬೆಳ್ಳುಳ್ಳಿ, ಮೆಣಸಿನಪುಡಿ, ವಿನಿಗರ್, ಕೊತ್ತಂಬರಿ ಬೀಜದ ಪುಡಿ ಹಾಕಿ, ಕಾದ ಎಣ್ಣೆ ಸುರಿದದ್ದು. ಬೆಳ್ಳುಳ್ಳಿ ಬಿದ್ದ ಕೋಸಂಬರಿ ಅಂದುಕೊಳ್ಳಿ. ಹೆಸರು ‘ಕೊರಿಯನ್ ಕ್ಯಾರೆಟ್’. ಕೊರಿಯಾಕ್ಕೆ ಹೋದರೆ ಇದು ಸಿಗುವುದಿಲ್ಲ. 1937ರಲ್ಲಿ ಸ್ಟಾಲಿನ್ ಸೋವಿಯತ್ ದೇಶದ ಪೂರ್ವದ ಗಡಿಯಲ್ಲಿದ್ದ ಕೊರಿಯನ್ನರನ್ನು, ಸುಮಾರು 1,72,000 ಜನರನ್ನು, ರೈಲಿಗೆ ತುಂಬಿಸಿ ಉಜ್ಬೆಕಿಸ್ತಾನ, ಕಜಾಕಸ್ತಾನಕ್ಕೆ ಕಳಿಸಿದ. ಜಪಾನಿನ ಗೂಢಚಾರರು ಇರಬಹುದು ಅನ್ನುವುದು ನೆಪ. ಅಲ್ಲಿ ಕಿಮ್ಚಿ ಅನ್ನುವ ತಮ್ಮ ಉಪ್ಪಿನಕಾಯಿ ಮಾಡಲು ಅವರ ಎಲೆಕೋಸು ಸಿಗಲಿಲ್ಲ. ಕ್ಯಾರೆಟ್ ಸಿಕ್ಕಿತು. ಅಲ್ಲಿಂದ ಅದು ಇಡೀ ಸೋವಿಯತ್ ದೇಶದ ಸಾಲಡ್ ಆಯಿತು, ಈಗ ಅಟ್ಲಾಂಟಿಕ್ ದಂಡೆಯಲ್ಲಿ ಡಬ್ಬಿಯಲ್ಲಿ ಕೂತಿದೆ. ಅಮ್ಮ ಎರಡು ಸಲ ಹಾಕಿಸಿಕೊಂಡರು.

ಊಟ ಆದ ಮೇಲೆ ಬೋರ್ಡ್‌ವಾಕ್. ಸಮುದ್ರದ ಉದ್ದಕ್ಕೂ ಹಲಗೆ ಜೋಡಿಸಿ ಮಾಡಿದ ನಡೆದಾರಿ. 1923ರಲ್ಲಿ ತೆರೆದಿದ್ದು, ಕೋನಿ ಐಲೆಂಡ್‌ವರೆಗೆ ಸೇರಿ ಒಟ್ಟು 4.3 ಕಿಲೋಮೀಟರ್. ಬೆಂಚುಗಳ ಸಾಲು, ಬೆಂಚಿನ ತುಂಬಾ ಮುದುಕರು. ಏಪ್ರಿಲ್ ಬಿಸಿಲಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, ಕೋಟು ಮಾತ್ರ ಬಿಚ್ಚದೆ. ಒಂದು ಕಡೆ ಚೆಸ್. ಆಡುವವರು ಇಬ್ಬರು, ಹೇಳಿಕೊಡುವವರು ಆರು ಜನ. ಆ ಚಳಿಯಲ್ಲಿ ಒಬ್ಬ ತಾತ ಚಡ್ಡಿಯಲ್ಲಿ ಸಮುದ್ರದಿಂದ ಎದ್ದು ಬಂದು, ಯಾರೂ ಕೇಳದಿದ್ದರೂ ಎಲ್ಲರಿಗೂ ನೀರಿನ ಗುಣಗಾನ ಮಾಡುತ್ತಾ ಹೋದ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಇದೇ ನೀರು ಈ ಬೀದಿಗಳೊಳಗೆ ನುಗ್ಗಿ ಅಂಗಡಿ, ನೆಲಮಾಳಿಗೆ ಎಲ್ಲ ಮುಳುಗಿಸಿತ್ತು. ಇವರಲ್ಲಿ ಬಹಳ ಜನ ಬಿಟ್ಟು ಹೋಗಲಿಲ್ಲ.

ಬೆಂಚಿನ ಮೇಲೆ ಕೂತಾಗಲೇ ನನಗೆ ‘ಕಾರು ಬೇಡ್ವಾ’ ಅನ್ನುವ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ನಾವು ಕನ್ನಡಿಗರು ಅಮೆರಿಕದಲ್ಲಿ ಕಡಿಮೆ ಇಲ್ಲ. ಕೂಟಗಳಿವೆ, ರಾಜ್ಯೋತ್ಸವಕ್ಕೆ ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಹಿಡಿಯುತ್ತೇವೆ, ಬಿಸಿಬೇಳೆಬಾತ್ ತಿಂದು, ಹಾಡು ಹೇಳಿ, ಕುರ್ಚಿ ಮಡಚಿಟ್ಟು ಕಾರು ಹತ್ತುತ್ತೇವೆ. ಆದರೆ ಕನ್ನಡದ ಒಂದು ಬೀದಿ ಇಲ್ಲ. ನ್ಯೂಜೆರ್ಸಿಯಲ್ಲಿ ಓಕ್ ಟ್ರೀ ರೋಡ್ ಇದೆಯಲ್ಲ ಅನ್ನಬಹುದು. ಇದೆ, ಅದು ಭಾರತದವರೆಲ್ಲರ ಬೀದಿ, ಆದರೆ ನಮ್ಮ ಮನೆಯಿಂದ ಅಲ್ಲಿಗೆ ಕಾರು ಬೇಕು. ನಾವು ಬಂದಿದ್ದು ಒಬ್ಬೊಬ್ಬರಾಗಿ, ಕಂಪನಿ ಕೊಟ್ಟ ವೀಸಾ ಹಿಡಿದು, ಕೆಲಸ ಎಲ್ಲಿದೆಯೋ ಅಲ್ಲಿಗೆ. ಅಪ್ಪ ಅಮ್ಮ ಊರಲ್ಲೇ ಉಳಿದರು. ಬಂದರೂ ನೆಂಟರಾಗಿ ಬರುತ್ತಾರೆ, ಚಳಿ ಶುರುವಾಗುವ ಮುಂಚೆ ಹೊರಡುತ್ತಾರೆ.

ಈ ಅಜ್ಜಿಯರು ನೆಂಟರಾಗಿ ಬಂದವರಲ್ಲ. ನಿರಾಶ್ರಿತರಾಗಿ ಬಂದರು. ಆ ಮುದ್ರೆಗೆ ಒಂದು ಬೆಲೆ ಇತ್ತು. ವಯಸ್ಸಾದ ನಿರಾಶ್ರಿತರಿಗೆ ಸರ್ಕಾರ ತಿಂಗಳಿಗಿಷ್ಟು ಅಂತ ಹಣ ಕೊಡುತ್ತಿತ್ತು, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತಿತ್ತು, ಕಡಿಮೆ ಬಾಡಿಗೆಯ ಮನೆಗೆ ಅರ್ಜಿ ಹಾಕಬಹುದಿತ್ತು. 1996ರಲ್ಲಿ ಕಾನೂನು ಬಿಗಿಯಾಗಿ, ಪೌರತ್ವ ತಗೊಳ್ಳದಿದ್ದರೆ ಕೆಲವು ವರ್ಷಗಳ ನಂತರ ಆ ಹಣ ನಿಲ್ಲುತ್ತದೆ ಅಂತಾಯಿತು. ಎಪ್ಪತ್ತು ದಾಟಿದವರು ಅಮೆರಿಕದ ಮೊದಲ ಅಧ್ಯಕ್ಷ ಯಾರು ಅಂತ ಬಾಯಿಪಾಠ ಮಾಡಲು ಕೂತರು. ಅಂತೂ ಅಜ್ಜಿಯ ಹೆಸರಿಗೆ ಅಜ್ಜಿಯದ್ದೇ ಚೆಕ್ಕು, ಅಜ್ಜಿಯದ್ದೇ ಬೀಗದಕೈ. ಮಗ ನ್ಯೂಜೆರ್ಸಿಗೆ ಹೋದರೂ ಆಕೆ ಇಲ್ಲೇ ಉಳಿದಳು. ಆಕೆ ದಿನಾ ಬೆಳಿಗ್ಗೆ ಚಕ್ರದ ಚೀಲ ಎಳೆದುಕೊಂಡು ಹೊರಟಿದ್ದಕ್ಕೇ ಮೀನಿನವನು ಉಳಿದ, ರಷ್ಯನ್ ಬರುವ ಡಾಕ್ಟರು ಉಳಿದರು, ಔಷಧಿ ಅಂಗಡಿ ಉಳಿಯಿತು. ಈಗ ಆಕೆಯ ಕೈ ಹಿಡಿದು ನಡೆಸಲು ಸಮರ್‌ಕಂದದ ಹುಡುಗಿಗೆ ಕೆಲಸ ಸಿಕ್ಕಿದೆ. ಜನ ರೆಸ್ಟೋರೆಂಟುಗಳನ್ನು ಹೊಗಳುತ್ತಾರೆ. ನನ್ನ ಕೇಳಿದರೆ ಈ ಬೀದಿಯನ್ನು ನಿಲ್ಲಿಸಿದ್ದು ಅಜ್ಜಿಯರ ಚೆಕ್ಕು ಮತ್ತು ಅಜ್ಜಿಯರ ಕಾಲು.

ಎಲ್ಲ ಸುಖ ಅಂತ ಹೇಳುತ್ತಿಲ್ಲ. ಪೂರ್ವದ ತುದಿಯಲ್ಲಿ ಬಾಬಿ ಯಾರ್ ಹೆಸರಿನ ಒಂದು ಪುಟ್ಟ ತ್ರಿಕೋನದ ಪಾರ್ಕ್ ಇದೆ. 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ಹೊರಗಿನ ಆ ಕಣಿವೆಯಲ್ಲಿ ನಾಜಿಗಳು 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಆ ಹೆಸರಿನ ಪಾರ್ಕಿನಲ್ಲಿ ಈಗ ಜನ ಕೂತು ಹರಟುತ್ತಾರೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದ ನಂತರ ಕೀವ್, ಒಡೆಸ್ಸಾ ಮತ್ತೆ ಸುದ್ದಿಯಲ್ಲಿ ಬಂದವು. ಹೆಸರಲ್ಲಿ ‘ರಷ್ಯಾ’ ಇದ್ದ ಒಂದು ದಿನಸಿ ಅಂಗಡಿ ಬೋರ್ಡು ಇಳಿಸಿ ಹೆಸರು ಬದಲಿಸಿತು. ಬ್ರೈಟನ್ ಬೀಚ್ ಅವೆನ್ಯೂ, ಕೋನಿ ಐಲೆಂಡ್ ಅವೆನ್ಯೂ ಕೂಡುವ ಮೂಲೆಗೆ ‘ಉಕ್ರೇನಿಯನ್ ವೇ’ ಅಂತ ನಗರಸಭೆ ಇನ್ನೊಂದು ಹೆಸರು ಕೊಟ್ಟಿತು. ಬಾಂಬ್ ಹಾಕುವವರ ಭಾಷೆಯೂ ರಷ್ಯನ್, ಹಾಕಿಸಿಕೊಂಡ ಊರಿನಿಂದ ಬಂದ ಇವರು ಅಳುವ ಭಾಷೆಯೂ ರಷ್ಯನ್. ಆ ವಾರ ನಮ್ಮ ಮನೆಯಲ್ಲೂ ಟಿವಿ ಆರಿರಲಿಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ದಿನಸಿ ತರಲು ಹೋಗಿ ಸಾಲಿನಲ್ಲಿ ನಿಂತಿದ್ದನಂತೆ. ಅಮ್ಮ ತಿಪಟೂರಿನಿಂದ ಫೋನ್ ಮಾಡಿ, ನಮ್ಮ ಹುಡುಗರೆಲ್ಲ ಅಷ್ಟು ದೂರ ಯಾಕೆ ಹೋಗ್ತಾರೆ ಅಂತ ನನ್ನನ್ನು ಕೇಳಿದ್ದರು. ಅಷ್ಟು ದೂರ ಬಂದವನನ್ನು.

ಬೋರ್ಡ್‌ವಾಕಿನಿಂದ ವಾಪಸ್ ಬರುವಾಗ ಬ್ರೋಕರ್ ಆಫೀಸೊಂದರ ಗಾಜಿಗೆ ಬಾಡಿಗೆ ಮನೆಗಳ ಫೋಟೋ ಅಂಟಿಸಿದ್ದರು. ಅಮ್ಮ ನಿಂತು ಒಂದೊಂದಾಗಿ ನೋಡಿದರು.

‘ಒಂದು ರೂಮು, ಅಡುಗೆಮನೆ ಇದ್ದರೆ ಸಾಕು. ಇದು ಎಷ್ಟಂತೆ?’

‘ತಿಂಗಳಿಗೆ ಎರಡು ಸಾವಿರ ಡಾಲರ್ ಮೇಲಿದೆ ಅಮ್ಮ.’

‘ರೂಪಾಯಲ್ಲಿ ಹೇಳೋ.’

ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ಅಷ್ಟಕ್ಕೆ ತಿಪಟೂರಲ್ಲಿ ವರ್ಷವಿಡೀ ಮನೆ ಸಿಗುತ್ತೆ, ತೆಂಗಿನಮರ ಸಮೇತ’ ಅಂದರು. ಆಮೇಲೆ ಇನ್ನೊಂದು ಫೋಟೋಗೆ ಬೆರಳಿಟ್ಟು, ‘ಇದಕ್ಕೆ ಲಿಫ್ಟ್ ಇದೆಯಾ ಕೇಳು’ ಅಂದರು.